ಸ್ಟಾಂಪು ಹಚ್ಚದ ಮನೆ

ಬೆಟಗೇರಿ
೧೨ ನವೆಂಬರ್ ೧೯೭೬

ಆಪಾ ಖೈರುನಬಿಗೆ ತಮ್ಮ ಮಲಂಗಸಾಬನ ಸಲಾಮು.

ಇಲ್ಲಿ ನಾನು, ಸುಗ್ರಾಬಿ, ಮಕ್ಕಳು ಆರಾಮ ಇದ್ದೇವೆ. ಅಲ್ಲಿಯ ಸಮಾಚಾರವನ್ನು ಕಳೆದ ವಾರ ಕಣ್ಣಾರೆ ನೋಡಿ ಬಂದಿದ್ದರಿಂದ ಮತ್ತೆ ಕೇಳುವುದಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಅಬ್ಬಾನನ್ನು ಮಣ್ಣು ಮಾಡಿದ ಮರುದಿನ ನೀನು ಟ್ರಂಕಿನಿಂದ ಒಂದು ಕಾಗದ ತೆಗೆದು ತೋರಿಸಿದೆ. ಲಕ್ಷ್ಮೇಶ್ವರದ ಮನೆ ಪೂರ್ತಿ ನಿನಗೇ ಸೇರಬೇಕೆಂದು ಅಬ್ಬಾ ಮೃತ್ಯುಪತ್ರ ಬರೆದಿಟ್ಟಿದ್ದಾನೆ ಎಂದೆ. ನನಗೆ ಅಲ್ಲಿಯೇ ನಗು ಬಂದಿತ್ತು, ಸತ್ತವರ ಮನೆಯೆಂದು ತಡೆದುಕೊಂಡೆ. ಅದು ಮಕ್ಕಳು ಲೆಕ್ಕ ಮಾಡುವ ಗೆರೆ ಹಾಳೆ. ಪಕ್ಕದ ಕಳಕಪ್ಪ ತನ್ನ ಕಿರಾಣಿ ಅಂಗಡಿಯಲ್ಲಿ ಅಂಥ ಹಾಳೆಯಲ್ಲಿ ಜೀರಿಗೆ ಕಟ್ಟಿಕೊಡುತ್ತಾನೆ. ಕೆಳಗೆ ಅಬ್ಬಾನ ವಕ್ರ ಸಹಿ, ಇಬ್ಬರು ಸಾಕ್ಷಿದಾರರ ಸಹಿ. ಸ್ಟಾಂಪು ಎಲ್ಲಿದೆ ಆಪಾ? ಸರಕಾರದ ಮುದ್ರೆ ಎಲ್ಲಿದೆ?

ನೀನು ಪಾತ್ರೆಗೆ ಕಲಾಯಿ ಹಾಕುವವಳು, ನಿನಗೆ ಇದು ತಿಳಿಯಬೇಕೆಂದು ನಾನು ಬಯಸುವುದಿಲ್ಲ. ಆದರೆ ಗದಗಿನ ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿರುವ ನನ್ನ ಕೈಯಿಂದ ದಿನಾ ಸ್ಟಾಂಪು ಕಾಗದಗಳು ಹಾಯ್ದುಹೋಗುತ್ತವೆ. ಮನೆಯೊಂದು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋಗಬೇಕಾದರೆ ಅದರ ಬೆಲೆಗೆ ತಕ್ಕ ಸ್ಟಾಂಪು ಸುಂಕ ಕಟ್ಟಬೇಕು. ಕಟ್ಟದಿದ್ದರೆ ದಂಡ. ಅಷ್ಟು ಹಣವನ್ನು ನೀನು ಜನ್ಮದಲ್ಲಿ ಕಂಡಿಲ್ಲ, ಕಾಣುವುದೂ ಇಲ್ಲ.

ಆದ್ದರಿಂದ ಮೃತ್ಯುಪತ್ರ ಇಲ್ಲವೇ ಇಲ್ಲವೆಂದು ತಿಳಿ. ಆಗ ಶರಿಯತ್ ಪ್ರಕಾರ ಎರಡು ಪಾಲು ನನಗೆ, ಒಂದು ಪಾಲು ನಿನಗೆ. ನನಗೆ ಆ ಮನೆಯ ಆಸೆಯಿಲ್ಲ, ಕಾಯದೆ ಹಾಗಿದೆ. ಕಳಕಪ್ಪನಿಗೆ ಗೋದಾಮಿಗೆ ಜಾಗ ಬೇಕಾಗಿದೆ, ಕೊಳ್ಳಲು ತಯಾರಿದ್ದಾನೆ. ನಾನು ಕಾಗದ ಮಾಡಿಸಿ ತರುತ್ತೇನೆ, ನೀನು ಸಹಿ ಮಾಡು. ಆಮೇಲೆ ಬೇಕಾದರೆ ನಮ್ಮ ಹಿತ್ತಲ ಕೋಣೆಯಲ್ಲಿ ಬಂದು ಇರು. ತಿದಿ, ಇದ್ದಲಿ ಮಾತ್ರ ತರಬೇಡ, ಸುಗ್ರಾಬಿಗೆ ಹೊಗೆ ಆಗುವುದಿಲ್ಲ.

ನಿನ್ನ ಹಿತವನ್ನೇ ಬಯಸುವ,
ಎಂ. ಬಿ. ಲಕ್ಷ್ಮೇಶ್ವರ


ಲಕ್ಷ್ಮೇಶ್ವರ
೨೦ ನವೆಂಬರ್ ೧೯೭೬

ಮಲಂಗನಿಗೆ ಖೈರುನಬಿಯ ಸಲಾಮು. ಒಡಹುಟ್ಟಿದವನೆಂದು ಸಲಾಮು ಹಾಕಿದ್ದೇನೆ, ನಿನ್ನ ಕಾಗದ ಓದಿ ಅಲ್ಲ.

ಏನು ಶಾಣ್ಯಾತನಪ್ಪ ನಿನ್ನದು! ಅಡತಿ ಅಂಗಡಿಯಲ್ಲಿ ಕುಳಿತು ಹತ್ತಿ ಮಾರುವವರ ಕಾಗದಕ್ಕೆ ಗೋಂದು ಹಚ್ಚುವವನು ಕಾಯದೆ ಹೇಳಲು ಹೊರಟಿದ್ದೀ. ‘ಎಂ. ಬಿ. ಲಕ್ಷ್ಮೇಶ್ವರ’ ಅಂತೆ. ಕಲಾಯಗಾರ ಎನ್ನುವ ಹೆಸರು ಯಾವ ಬಸ್ಸಿನಲ್ಲಿ ಮರೆತುಬಂದೆ? ಬುಡ್ಡೇಸಾಬ ಕಲಾಯಗಾರ ಎಂದರೆ ಶಿರಹಟ್ಟಿಯಿಂದ ಮುಂಡರಗಿಯವರೆಗೆ ಜನಕ್ಕೆ ಗೊತ್ತು. ಮಗನಿಗೆ ಮಾತ್ರ ನೆನಪಿಲ್ಲ.

ಕಣ್ಣಾರೆ ನೋಡಿ ಬಂದೆ ಎಂದು ಬರೆದಿದ್ದೀ. ನೀನು ನೋಡಿದ್ದನ್ನು ನಾನೂ ನೋಡಿದ್ದೇನೆ. ತಾರು ಕೊಟ್ಟರೂ ಮಣ್ಣಿಗೆ ಬರಲಿಲ್ಲ, ಮರುದಿನ ಮಧ್ಯಾಹ್ನದ ಬಸ್ಸಿಗೆ ಬಂದೆ. ಅಬ್ಬಾನ ಹೊರಸಿನ ಮೇಲೆ ಕರವಸ್ತ್ರ ಹಾಸಿ ಕುಳಿತೆ, ಪ್ಯಾಂಟಿಗೆ ಮಸಿ ಹತ್ತೀತೆಂದು. ಚಹಾ ಕುಡಿದು ಎದ್ದು ಈ ಗೋಡೆಯಿಂದ ಆ ಗೋಡೆಗೆ ಹೆಜ್ಜೆ ಹಾಕಿ ಅಳೆದೆ. ಹೊರಗೆ ಕಟ್ಟೆಯ ಮೇಲೆ ಕಳಕಪ್ಪ “ನಡುವಿನ ಗ್ವಾಡಿ ಗಟ್ಟಿ ಐತೇನ ತಮ್ಮಾ?” ಎಂದು ಕೇಳಿದ್ದು, ನೀನು “ಕೆಡವೂದ ಐತಲ್ಲ, ಗಟ್ಟಿ ಇದ್ರೇನ ಬಿಟ್ರೇನ” ಅಂದದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ಸಂಜೆ ಬಸ್ಸು ಹಿಡಿದೆ. ಖಬರಸ್ತಾನದ ಕಡೆ ತಿರುಗಿಯೂ ನೋಡಲಿಲ್ಲ.

ಗಂಡ ಸತ್ತು ನಾನು ಈ ಮನೆಗೆ ತಿರುಗಿ ಬಂದಾಗ ಅಬ್ಬಾನ ಕೈ ನಡುಗಲು ಹತ್ತಿತ್ತು. ಅವನು ತಿದಿ ಒತ್ತಿದ, ನಾನು ತವರ ಬಳಿದೆ. ಕಡೆಗೆ ತಿದಿಯನ್ನೂ ನಾನೇ ಒತ್ತಿದೆ. ಮುಂಗಟ್ಟೆಯಲ್ಲಿ ಅವನು ತೋಡಿದ ಕುಲುಮೆಯ ಕುಣಿ ಇದೆಯಲ್ಲ, ನನ್ನ ರೊಟ್ಟಿ ಹುಟ್ಟುವುದು ಅಲ್ಲಿ. ಬಾಳೆಹೊಸೂರ ಮಠದ ಹಂಡೆಗಳು ಅಲ್ಲಿಗೇ ಬರುತ್ತವೆ, ಮದುವೆ ಮನೆಗಳ ಪಾತ್ರೆಗಳೂ ಅಲ್ಲಿಗೇ ಬರುತ್ತವೆ. ಆ ಕುಣಿಯ ಮೇಲೆ ಕಳಕಪ್ಪನ ಬೆಲ್ಲದ ಚೀಲ ಬಿದ್ದರೆ ನಾನು ನಿನ್ನ ಹಿತ್ತಲಲ್ಲಿ ಕುಳಿತು ಸುಗ್ರಾಬಿಯ ಉಳ್ಳಾಗಡ್ಡಿ ಹೆಚ್ಚಬೇಕು. ಥೂ, ನನ್ನ ಕೈಲಾಗದು.

ಸಹಿ ಮಾಡುವುದಿಲ್ಲ. ಶಿರಹಟ್ಟಿಗೆ ಹೋಗಿ ವಕೀಲರನ್ನು ಕೇಳುತ್ತೇನೆ.

ಮಸಿ ಕೈಯಿಂದಲೇ ಬರೆದ,
ಖೈರುನಬಿ ಕಲಾಯಗಾರ


ಲಕ್ಷ್ಮೇಶ್ವರ
೯ ಡಿಸೆಂಬರ್ ೧೯೭೬

ಮುಂಡರಗಿಯ ಖಾತುನಬಿ ಫೂಫಿಗೆ ನಿನ್ನ ಅಣ್ಣನ ಮಗಳು ಕೈಮುಟ್ಟಿ ಮಾಡುವ ಸಲಾಮು.

ಫೂಫಿ, ಈ ಕಾಗದವನ್ನು ನಿಮ್ಮ ಓಣಿಯ ಮಾಸ್ತರರಿಂದ ಓದಿಸುವಾಗ ಬಾಗಿಲು ಹಾಕಿಕೊ. ಶಿರಹಟ್ಟಿಯ ವಕೀಲರ ಹತ್ತಿರ ಹೋಗಿಬಂದೆ. ಅಬ್ಬಾನ ಮೃತ್ಯುಪತ್ರ ನೋಡಿ ಮೊದಲು ನಕ್ಕರು. ನಗು ನನ್ನ ಮೇಲಲ್ಲ, ಮಲಂಗನ ಮೇಲೆ.

“ಮೃತ್ಯುಪತ್ರಕ್ಕ ಸ್ಟಾಂಪ್ ಬೇಕಂತ ಯಾರ ಹೇಳ್ಯಾರವಾ ನಿನಗ? ಮಾರಿದ್ರ ಸರಕಾರ ಸುಂಕ ಕೇಳ್ತೈತಿ. ಬದುಕಿದ್ದಾಂವ ಬಕ್ಷೀಸ ಪತ್ರ ಮಾಡಿಕೊಟ್ರ ಕೇಳ್ತೈತಿ. ಸಾಯಾಂವ ತನ್ನ ಆಸ್ತಿ ಯಾರಿಗೆ ಹೋಗಬೇಕಂತ ಬರದಿಟ್ರ ಒಂದ ಪೈಸಾ ಕೇಳೂದಿಲ್ಲ. ಬಿಳಿ ಹಾಳಿ ಸಾಕು. ರಜಿಸ್ಟರ್ ಮಾಡಿಸಬೇಕಂತನೂ ಇಲ್ಲ.”

ನನಗೆ ಅಲ್ಲಿಯೇ ಎದ್ದು ಕುಣಿಯಬೇಕೆನಿಸಿತು. ಆದರೆ ಅವರು ಕನ್ನಡಕ ತೆಗೆದು ಒರೆಸಿದರು. “ತೊಡಕ ಬ್ಯಾರೆ ಕಡೆ ಐತಿ” ಅಂದರು. “ನೀ ಅವನ ಮಗಳು, ವಾರಸದಾರಳು. ನಿಮ್ಮ ಶರಿಯತ್ ಪ್ರಕಾರ ಒಬ್ಬ ವಾರಸದಾರಗ ಮೃತ್ಯುಪತ್ರ ಬರದ್ರ ಉಳಿದ ವಾರಸದಾರರು ಹೂಂ ಅನ್ನಬೇಕು. ಅದೂ ತಂದಿ ಸತ್ತ ಮ್ಯಾಲೆ ಅನ್ನಬೇಕು. ನಿನ್ನ ತಮ್ಮ ಒಲ್ಲೆ ಅಂದ್ರ ಈ ಕಾಗದ ಬಿದ್ದಹೋತು. ಎರಡ ಪಾಲು ಅವಂದು.”

“ಹೂಂ ಅಂದು ಆಮ್ಯಾಲೆ ಒಲ್ಲೆ ಅಂದ್ರ?” ಎಂದು ಕೇಳಿದೆ.

“ತಿಳದು, ತನ್ನ ಮನಸಿಲೆ ಒಮ್ಮೆ ಹೂಂ ಅಂದ್ರ ಮುಗೀತು. ತಿರುಗಿ ತಗೊಳ್ಳಾಕ ಬರೂದಿಲ್ಲ.”

ಬರುವಾಗ ಬಸ್ಸಿನಲ್ಲಿ ಇದನ್ನೇ ತಿರುಗಿ ತಿರುಗಿ ಲೆಕ್ಕ ಹಾಕಿದೆ ಫೂಫಿ. ಈ ಮನೆ ಹೋದರೆ ನನಗೆ ಬೇರೆ ನೆಲೆಯಿಲ್ಲ. ‘ಒಲ್ಲೆ’ ಎನ್ನುವ ಎರಡಕ್ಷರ ಮಲಂಗನ ಕೈಯಲ್ಲಿದೆ, ಅದು ಅವನಿಗೇ ಗೊತ್ತಿಲ್ಲ. ಅವನ ತಲೆಯ ತುಂಬ ಸ್ಟಾಂಪು.

ಆಮೇಲೆ ವಿಚಾರ ಮಾಡಿದೆ. ಅವನಿಗೆ ಮನೆಯ ದುಡ್ಡು ಬೇಕು, ಆದರೆ ಕಲಾಯಗಾರನ ಮನೆಯಲ್ಲಿ ಪಾಲು ಬೇಕೆಂದು ಬಾಯಿಬಿಟ್ಟು ಹೇಳಲು ನಾಚಿಕೆ. ಅವನ ಮದುವೆಯಲ್ಲಿ ಬೀಗರಿಗೆ ಉಗುರಿನ ಮಸಿ ಕಾಣಬಾರದೆಂದು ಅಬ್ಬಾನನ್ನು ಒಳಕೋಣೆಯಲ್ಲಿ ಕೂರಿಸಿದ್ದ, ನೀನೇ ಎದುರಿಗಿದ್ದೆ. ತನ್ನ ಅಡತಿ ಅಂಗಡಿಯ ಸೇಟುಗೆ ನಮ್ಮಪ್ಪನದು ಪಾತ್ರೆ ವ್ಯಾಪಾರವೆಂದು ಹೇಳಿಟ್ಟಿದ್ದಾನೆ. ಅಂಥವನಿಂದ ಒಪ್ಪಿಗೆ ಬೇಡಿದರೆ ಸಿಗುವುದಿಲ್ಲ. ಸಿಟ್ಟಿಗೆಬ್ಬಿಸಿದರೆ ತಾನಾಗಿ ಬರೆದುಕೊಡುತ್ತಾನೆ. ಸುಳ್ಳು ಒಂದನ್ನೂ ಬರೆಯುವುದಿಲ್ಲ, ಸ್ಟಾಂಪು ಬೇಡವೆಂಬ ಮಾತನ್ನೂ ಮುಚ್ಚಿಡುವುದಿಲ್ಲ. ಅವನು ನಂಬುವುದಿಲ್ಲ, ಅಷ್ಟೇ.

ದುವಾ ಮಾಡು.

ನಿನ್ನ,
ಖೈರು


ಲಕ್ಷ್ಮೇಶ್ವರ
೧೪ ಡಿಸೆಂಬರ್ ೧೯೭೬

ಶ್ರೀಮಾನ್ ಎಂ. ಬಿ. ಲಕ್ಷ್ಮೇಶ್ವರ ಸಾಹೇಬರಿಗೆ,

ಶಿರಹಟ್ಟಿಯ ವಕೀಲರು ಮೃತ್ಯುಪತ್ರಕ್ಕೆ ಸ್ಟಾಂಪು ಬೇಕಿಲ್ಲ, ಒಂದು ಪೈಸೆಯ ಸುಂಕವೂ ಇಲ್ಲ ಎಂದು ಹೇಳಿದರು. ನೀನು ಅವರಿಗಿಂತ ಹೆಚ್ಚು ಓದಿದವನು, ನಿನಗೆ ಬೇರೆ ತೋರಬಹುದು.

ನನಗೆ ತೋರುವುದು ಇಷ್ಟೇ. ಸ್ಟಾಂಪು ಎಂಬುದು ನೆವ. ನಿನಗೆ ಈ ಮಸಿಮನೆಯ ಮೇಲೆ ಜೀವ. ಹಗಲೆಲ್ಲ ಇಸ್ತ್ರಿ ಅಂಗಿ ಹಾಕಿಕೊಂಡು ತಿರುಗಿ, ಒಳಗೊಳಗೆ ಅಪ್ಪನ ಕಲಾಯಿ ಕುಣಿಗೆ ಬಾಯಿ ಬಿಡುತ್ತೀ. ಹಾಗಿದ್ದರೆ ಗಂಡಸಿನ ಹಾಗೆ ಬರೆ: ‘ನಾನೂ ಬುಡ್ಡೇಸಾಬ ಕಲಾಯಗಾರನ ಮಗ, ಅಬ್ಬಾ ನಿನಗೊಬ್ಬಳಿಗೇ ಕೊಟ್ಟದ್ದು ನನಗೆ ಒಪ್ಪಿಗೆಯಿಲ್ಲ, ನನಗೆ ಪಾಲು ಬೇಕು.’ ಅಷ್ಟು ಬರೆದರೆ ನಾನು ಬಾಯಿ ಮುಚ್ಚುತ್ತೇನೆ. ನಮ್ಮ ಜಮಾತಿನ ಹಿರಿಯರಿಗೂ ನಿನ್ನ ಸೇಟುಗೂ ಆ ಕಾಗದ ತೋರಿಸುತ್ತೇನೆ, ಮಗನಿಗೆ ಕಡೆಗಾದರೂ ಅಪ್ಪನ ಹೆಸರು ನೆನಪಾಯಿತೆಂದು ಸಂತೋಷಪಡಲಿ.

ಮನೆಯ ದಾಖಲೆಯ ಉತಾರದಲ್ಲಿ ನನ್ನ ಹೆಸರು ಹಚ್ಚಲು ಪುರಸಭೆಗೆ ಅರ್ಜಿ ಕೊಟ್ಟಿದ್ದೇನೆ. ನಿನಗೆ ನೋಟೀಸು ಬರುತ್ತದೆ. ನಿನ್ನ ತಕರಾರು ಅಬ್ಬಾ ಕೊಟ್ಟದ್ದಕ್ಕೋ, ಸ್ಟಾಂಪಿಗೋ, ಎಂಬುದನ್ನು ಅವರಿಗೂ ನನಗೂ ಬಿಡಿಸಿ ಬರೆ. ಎರಡನ್ನೂ ಕಲೆಸಿ ಅಂಬಲಿ ಮಾಡಬೇಡ.

ಉತ್ತರದ ದಾರಿ ಕಾಯುವ,
ಕಲಾಯಗಾರನ ಮಗಳು


ಬೆಟಗೇರಿ
೨೮ ಡಿಸೆಂಬರ್ ೧೯೭೬

ಖೈರುನಬಿಗೆ,

ನಿನ್ನ ಕಾಗದವನ್ನು ಹೆಂಡತಿಯ ಮುಂದೆ ಓದಲೂ ನಾಚಿಕೆಯಾಯಿತು. ಹೆಣ್ಣುಮಗಳ ಬಾಯಿ ಇದು! ತಿದಿ ಒತ್ತಿ ಒತ್ತಿ ನಿನ್ನ ತಲೆಯಲ್ಲೂ ಗಾಳಿಯೇ ತುಂಬಿದೆ.

ಅಬ್ಬಾ ಆ ಮನೆಯನ್ನು ನಿನಗೆ ಕೊಟ್ಟಿದ್ದಕ್ಕೆ ನನ್ನ ತಕರಾರಿದೆ ಎಂದು ನಿನಗೆ ಯಾರು ಹೇಳಿದರು? ಸಂತೋಷದಿಂದ ಕೊಟ್ಟಿರಲಿ. ಕೊಟ್ಟಿದ್ದು ಸರಿಯಾಗಿಯೇ ಇದೆ, ನನಗೆ ಪೂರ್ಣ ಒಪ್ಪಿಗೆಯಿದೆ. ಆ ಮಸಿಗೂಡು ನಿನಗೇ ತಕ್ಕದ್ದು. ಅದರ ಒಂದು ಇಟ್ಟಿಗೆಯನ್ನೂ ನಾನು ಬಾಯಿಬಿಟ್ಟು ಕೇಳುವವನಲ್ಲ. ನನ್ನ ತಕರಾರು ಇರುವುದು ಸ್ಟಾಂಪಿಗೆ, ಕೇವಲ ಸ್ಟಾಂಪಿಗೆ. ಸ್ಟಾಂಪಿಲ್ಲದ ಕಾಗದ ಪುರಸಭೆಯಲ್ಲಿ ಬಿದ್ದುಹೋದ ಮೇಲೆ ಕಾಯದೆಯೇ ತಾನಾಗಿ ಪಾಲು ಮಾಡುತ್ತದೆ. ನಾನು ಜೋಳಿಗೆ ಹಿಡಿದು ನಿನ್ನ ಬಾಗಿಲಿಗೆ ಬರಬೇಕಾಗಿಲ್ಲ.

ಪಾತ್ರೆಗೆ ಪುಕ್ಕಟೆ ಕಲಾಯಿ ಹಾಕಿಸಿಕೊಂಡು ಬುದ್ಧಿ ಹೇಳುವ ವಕೀಲನ ಮಾತು ನೀನು ಕೇಳು. ನಾನು ಯಾವ ವಕೀಲನನ್ನೂ ಕೇಳಬೇಕಾಗಿಲ್ಲ. ಇದೇ ಮಾತುಗಳನ್ನು ನೋಟೀಸಿಗೆ ಉತ್ತರವಾಗಿ ಚೊಕ್ಕ ಅಕ್ಷರದಲ್ಲಿ ಬರೆದು, ಕಾಯದೆಯಂತೆ ಅರ್ಜಿಗೆ ಸ್ಟಾಂಪು ಹಚ್ಚಿ, ಪುರಸಭೆಗೆ ರಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಕಲು ಇದರೊಂದಿಗಿದೆ. ಕಾಗದ ಬರೆಯುವುದು ಹೇಗೆಂದು ನೋಡಿ ಕಲಿ. ಜಮಾತಿಗೆ ತೋರಿಸು, ಸೇಟುಗೆ ತೋರಿಸು, ಯಾರಿಗೆ ಬೇಕಾದರೂ ತೋರಿಸು.

ಇನ್ನು ನನಗೆ ಕಾಗದ ಬರೆಯುವ ಶ್ರಮ ತೆಗೆದುಕೊಳ್ಳಬೇಡ.

ಎಂ. ಬಿ. ಲಕ್ಷ್ಮೇಶ್ವರ


ಮುಂಡರಗಿ
೧೯ ಜನವರಿ ೧೯೭೭

ಖೈರೂ, ಖಾತುನಬಿ ಫೂಫಿ ಹೇಳಿದ್ದನ್ನ ಮಾಸ್ತರ್ರು ಇದ್ದದ್ದ ಇದ್ದಂಗ ಬರ್ಯಾಕತ್ತಾರ.

ನೀ ಕಳಿಸಿದ ನಕಲ ಓದಿಸಿ ಕೇಳಿದೆ. ಮಾಸ್ತರ್ರು ಎರಡ ಸಲ ಓದಿ ‘ಈ ಮನಷ್ಯಾ ತನ್ನ ಕೈಯಾರೆ ಮನಿ ಕೊಟ್ಟಾನಲ್ಲವಾ’ ಅಂದ್ರು. ನಾನೂ ನಕ್ಕೆ, ಸುಳ್ಳ್ಯಾಕ ಹೇಳ್ಲಿ. ಸೊಕ್ಕಿನ ಸೂಳಿಮಗಂಗ ಹಂಗ ಆಗಬೇಕಿತ್ತು. ಸಣ್ಣಾಂವ ಇದ್ದಾಗಿಂದ ಹಂಗ ಅವ, ತಪ್ಪ ಹೇಳಿಕೊಟ್ರ ಇನ್ನಷ್ಟ ಜೋರಿಲೆ ಹೇಳತಿದ್ದ.

ಆದ್ರ ನಕ್ಕ ಮ್ಯಾಲೆ, ಅವನೂ ನಮ್ಮಣ್ಣನ ಮಗನ ಅಲ್ಲೇನ ಅಂತ ನೆನಪಾತು. ಉತಾರದಾಗ ನಿನ್ನ ಹೆಸರ ಹತ್ತಿದ ಕೂಡ್ಲೆ ನೀನ ಅವಂಗ ಎಲ್ಲಾ ಬರದು ಹೇಳು. ಬ್ಯಾರೆಯವರ ಬಾಯಿಂದ ಕೇಳೂದು ಬ್ಯಾಡ. ಮತ್ತ ಇನ್ನೊಂದ. ನಮ್ಮಣ್ಣ ಹೋಗೂ ಮುಂದ ಮಲಂಗನ ಹೆಸರ ತಗದು ಕರದಿದ್ದ ಅಂತ ನನ್ನ ಮುಂದ ಅತ್ತಿದ್ದಿ. ಅದನ್ನ ಅವಂಗ ಹೇಳಿಯೇನ ಇಲ್ಲ? ಹೇಳಿರಲಿಕ್ಕಿಲ್ಲ ನೀ. ನೀನೂ ಅದ ಹೊಟ್ಟಿ ಒಳಗ ಹುಟ್ಟಿದಾಕಿ.

ನನ್ನ ತಾಮ್ರದ ಬೋಗಾಣಿ ಕೊಟ್ಟ ಕಳಸ್ತೇನಿ, ಕಲಾಯಿ ಹೋಗೈತಿ.

ಇಂತಿ ಹೆಬ್ಬಟ್ಟು ಒತ್ತಿದ ಖಾತುನಬಿ


ಲಕ್ಷ್ಮೇಶ್ವರ
೩ ಮಾರ್ಚ್ ೧೯೭೭

ಮಲಂಗ,

ಬರೆಯಬೇಡ ಎಂದಿದ್ದೆ. ಬರೆಯುತ್ತೇನೆ, ಏಕೆಂದರೆ ಇದನ್ನು ನೀನು ನನ್ನಿಂದಲೇ ತಿಳಿಯಬೇಕು.

ಮನೆಯ ಉತಾರದಲ್ಲಿ ನಿನ್ನೆ ನನ್ನ ಹೆಸರು ಹತ್ತಿತು. ಸ್ಟಾಂಪು ಸುಂಕವೆಂದು ಒಂದು ಪೈಸೆಯನ್ನೂ ಯಾರೂ ಕೇಳಲಿಲ್ಲ. ನಿನ್ನ ಅರ್ಜಿಯನ್ನು ಪುರಸಭೆಯ ಸಾಹೇಬರು ಗಟ್ಟಿಯಾಗಿ ಓದಿದರು. ಸ್ಟಾಂಪಿನ ಮಾತು ಬಂದಾಗ ಗುಮಾಸ್ತರೆಲ್ಲ ನಕ್ಕರು. ಸಾಹೇಬರು ನಗದೆ ಕೆಂಪು ಮಸಿಯಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದರು: ‘ಕೊಟ್ಟಿದ್ದು ಸರಿಯಾಗಿಯೇ ಇದೆ, ನನಗೆ ಪೂರ್ಣ ಒಪ್ಪಿಗೆಯಿದೆ.’

ಕೇಳು, ನಿನಗೆ ತಿಳಿಯದ ಕಾಯದೆ ಇದು. ಅಬ್ಬಾನ ಮೃತ್ಯುಪತ್ರಕ್ಕೆ ಬೇಕಾಗಿದ್ದುದು ಸ್ಟಾಂಪು ಅಲ್ಲ, ನಿನ್ನ ಒಪ್ಪಿಗೆ. ವಾರಸದಾರನಾದ ನೀನು ‘ಒಲ್ಲೆ’ ಎಂದಿದ್ದರೆ ಅದು ಅಲ್ಲಿಗೇ ಬಿದ್ದುಹೋಗುತ್ತಿತ್ತು, ಎರಡು ಪಾಲು ನಿನ್ನದಾಗುತ್ತಿತ್ತು. ನನಗೆ ಅದು ಡಿಸೆಂಬರಿನಲ್ಲೇ ಗೊತ್ತಿತ್ತು, ನಿನಗೆ ಹೇಳಲಿಲ್ಲ. ಆದರೆ ‘ಒಪ್ಪಿಗೆಯಿಲ್ಲ, ಪಾಲು ಬೇಕು’ ಎಂಬ ಮಾತನ್ನು ನನ್ನ ಕಾಗದದಲ್ಲಿ ನಾನೇ ಬರೆದು ನಿನ್ನ ಮುಂದಿಟ್ಟಿದ್ದೆ. ನೀನು ಅದನ್ನು ನೋಡಿ ನಕಲು ಮಾಡಿದ್ದರೂ ಸಾಕಿತ್ತು. ನಿನ್ನ ಕೈ ಏಳಲಿಲ್ಲ. ಕಲಾಯಗಾರನ ಮಗ ಎಂದು ಬರೆಯುವುದಕ್ಕಿಂತ ಮನೆ ಹೋಗುವುದೇ ನಿನಗೆ ಲೇಸಾಗಿ ಕಂಡಿತು. ಈ ಇಡೀ ವ್ಯವಹಾರದಲ್ಲಿ ಯಾರಾದರೂ ಸ್ಟಾಂಪು ಹಚ್ಚಿದ್ದರೆ ಅದು ನೀನು, ನಿನ್ನ ಅರ್ಜಿಗೆ. ಭಲೇ ಗುಮಾಸ್ತ!

ಮೋಸ ಮಾಡಿದೆ ಎನ್ನುತ್ತೀ. ಅನ್ನು. ಜಮಾತಿನಲ್ಲಿ ಅನ್ನು, ಕೋರ್ಟಿನಲ್ಲಿ ಅನ್ನು. ನಾನು ಈ ಕಟ್ಟೆಯ ಮೇಲೆಯೇ ಸಿಗುತ್ತೇನೆ. ಕಳಕಪ್ಪ ನಿನ್ನೆ ಬಂದು “ನಿನ್ನ ತಮ್ಮ ಹಿಂಗ ಹೆಂಗ ಬರದಾ?” ಎಂದು ತಲೆ ಕೆರೆದುಕೊಂಡ. “ಭಾಳ ಓದ್ಯಾನ್ರಿ ಅಂವ” ಅಂದೆ.

ಗೆದ್ದೆ, ಮಲಂಗ. ರಾತ್ರಿ ಹೊಟ್ಟೆ ತುಂಬ ಉಂಡು ಮಲಗುವವಳಿದ್ದೆ. ಅದಕ್ಕೆ ಮುಂಚೆ ನಿನ್ನ ಕಾಗದಗಳನ್ನೆಲ್ಲ ಒಟ್ಟು ಮಾಡಿ ಮೊದಲಿನಿಂದ ಓದಿದೆ, ನಗೋಣವೆಂದು. ಸ್ಟಾಂಪು, ಸುಂಕ, ದಂಡ, ಕಾಯದೆ, ಕಳಕಪ್ಪನ ಗೋದಾಮು, ಸುಗ್ರಾಬಿಗೆ ಆಗದ ಹೊಗೆ, ಎಲ್ಲ ಇದೆ. ಅಬ್ಬಾ ಹೇಗೆ ಸತ್ತ ಎಂದು ಒಂದು ಸಾಲು ಕೇಳಿಲ್ಲ. ಆ ದಿನ ಮನೆಗೆ ಬಂದಾಗಲೂ ಕೇಳಲಿಲ್ಲ. ಎಷ್ಟು ದಿನ ಮಲಗಿದ್ದ, ನೀರು ಯಾರು ಬಿಟ್ಟರು, ಕಡೆಗೆ ಯಾರ ಹೆಸರು ತೆಗೆದು ಕರೆದ, ಏನೂ ಬೇಕಾಗಲಿಲ್ಲ ನಿನಗೆ. ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು. ಮಠದ ಹಂಡೆ ಹೊತ್ತು ತಂದ ಆಳು ಕೇಳಿ ಕಣ್ಣೀರು ಹಾಕಿದ.

ನಾನಾಗಿ ಹೇಳುವುದಿಲ್ಲ. ಮನೆಯ ಪಾಲಿನ ಹಾಗೆ ಅದನ್ನೂ ಬಾಯಿಬಿಟ್ಟು ಕೇಳಬೇಕು. ಕೇಳಲು ನಿನಗೆ ನಾಚಿಕೆಯಾದರೆ ಹಾಗೇ ಇರು.

ಖೈರುನಬಿ


ಬೆಟಗೇರಿ
೨ ಏಪ್ರಿಲ್ ೧೯೭೭

ಆಪಾ,

ನಿನ್ನ ಕಾಗದವನ್ನೂ ನನ್ನ ಅರ್ಜಿಯ ನಕಲನ್ನೂ ಇಲ್ಲಿಯ ವಕೀಲರೊಬ್ಬರಿಗೆ ತೋರಿಸಿದೆ. “ಇದನ್ನ ನೀವ ಬರದ್ರೇನ್ರಿ?” ಎಂದು ಕೇಳಿದರು. ಮತ್ತೇನೂ ಕೇಳಲಿಲ್ಲ, ಫೀ ಕೂಡ ಬೇಡವೆಂದರು. ಕೋರ್ಟಿಗೆ ಹೋಗುವುದಿಲ್ಲ. ನೀನು ಮೋಸಗಾತಿ ಎಂಬುದರಲ್ಲಿ ನನಗೆ ಸಂಶಯವಿಲ್ಲ, ಅದನ್ನು ತಿಳಿಸಲೆಂದೇ ಈ ಕಾಗದ ಬರೆಯಲು ಕುಳಿತೆ. ಕುಳಿತು ಮೂರ್ನಾಲ್ಕು ಹಾಳೆ ಹರಿದೆ.

ಸುಗ್ರಾಬಿಗೆ ನಿನ್ನ ಕಾಗದ ಓದಿ ಹೇಳಿದ್ದೆ, ನಿನ್ನ ಗುಣ ತಿಳಿಯಲೆಂದು. ಅವಳು ಎಲ್ಲ ಕೇಳಿ ಎದ್ದು ಒಳಗೆ ಹೋದಳು. ಊಟಕ್ಕೆ ಬಡಿಸುವಾಗ, “ಹೌದಲ್ಲ, ನಾನೂ ನಿಮ್ಮನ್ನ ಕೇಳಲೇ ಇಲ್ಲ. ಮಾವಾ ಹೆಂಗ ಹೋದ್ರು?” ಅಂದಳು. ಮಕ್ಕಳೂ ನನ್ನ ಮುಖ ನೋಡಿದರು. ಅರ್ಧ ಊಟಕ್ಕೇ ಕೈ ತೊಳೆದು ಎದ್ದೆ.

ಮನಿ ನೀನ ಇಟ್ಗೊ. ಅದರ ಸುದ್ದಿ ಇನ್ನ ತಗ್ಯಾಂಗಿಲ್ಲ.

ಆಪಾ, ಅಬ್ಬಾ ಹೆಂಗ ಹೋದ?

ಮಲಂಗ